ನಿಮಗಿದು ಗೊತ್ತೇ? ಲಾಲ್‌ಬಾಗಿನ ಬಂಡೆ, ಕೂಟಗಲ್ಲಿನ ಬಂಡೆ

ಶಾಲೆಗೆ ರಜೆ ಬಂತೆಂದರೆ ನಮ್ಮ ಕಡೆಯ ಮಕ್ಕಳದು ಒಂದೇ ಹಟ: ಲಾಲ್‌ಬಾಗ್ ತೋರಿಸಿ, ಕಬ್ಬನ್ ಪಾರ್ಕ್ ತೋರಿಸಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬೆಳಗಿನ ರೈಲಿಗೆ ಹೊರಡುವ ಕೂಟಗಲ್, ರಾಮನಗರ, ಮಾಗಡಿ ಸೀಮೆಯವರಿಗಾಗಿಯೇ ಈ ಸಲದ ಅಂಕಣ. ದೊಡ್ಡ ಊರಿನ ದೊಡ್ಡ ತೋಟ ನೋಡಲು ಹೋಗುತ್ತಿದ್ದೀರಿ, ನಿಜ. ಆದರೆ ಅಲ್ಲಿ ಹೆಜ್ಜೆ ಹೆಜ್ಜೆಗೂ ನಿಮ್ಮ ಊರೇ ಎದುರಾಗುತ್ತದೆ.

ಲಾಲ್‌ಬಾಗನ್ನು ಹೈದರಾಲಿ 1760ರಲ್ಲಿ ಆರಂಭಿಸಿದ. ಸಿರಾದಲ್ಲಿದ್ದ ಮೊಗಲ್ ಮಾದರಿಯ ತೋಟ ಅವನಿಗೆ ಮೇಲ್ಪಂಕ್ತಿ. ಆಗ ತೋಟದ ವಿಸ್ತೀರ್ಣ ಸುಮಾರು 40 ಎಕರೆ, ಇಂದು 240 ಎಕರೆ. ಮಗ ಟಿಪ್ಪು ದೂರದೂರದ ನಾಡುಗಳಿಂದ ಸಸಿ, ಬೀಜ ತರಿಸಿ ಅದನ್ನು ಬೆಳೆಸಿದ.

ಆದರೆ ಅಲ್ಲಿನ ಅತಿ ಹಳೆಯ ವಸ್ತು ಮರವಲ್ಲ, ಬಂಡೆ. ಗೋಪುರ ಹೊತ್ತು ನಿಂತಿರುವ ಆ ಹಾಸುಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು ಎಂಬುದನ್ನು ನೆನೆದರೆ ಈ ವಯಸ್ಸಿನ ಆಳ ಮಕ್ಕಳಿಗೂ ಅಂದಾಜಾದೀತು. ಬಂಡೆಯ ಜಾತಿ ನೈಸ್. ದಕ್ಷಿಣ ಭಾರತದ ತಳಪಾಯದಂತಿರುವ ಈ ಶಿಲೆಗೆ 'ಪೆನಿನ್ಸುಲಾರ್ ನೈಸ್' ಎಂಬ ಹೆಸರು ಬಳಕೆಗೆ ತಂದವನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿ ಫಲಕ ಹಾಕಿದೆ. ಬಂಡೆ ಹತ್ತುವ ಮುಂಚೆ ಆ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ. ಸಾವಿರಾರು ಜನ ಅದನ್ನು ನೋಡದೆ ದಾಟಿಹೋಗುತ್ತಾರೆ.

ಕೂಟಗಲ್ಲಿನ ಬಂಡೆಗೆ ಎಷ್ಟು ವಯಸ್ಸು? ಸುಮಾರು 250 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆ ಅಣ್ಣ, ನಮ್ಮದು ತಮ್ಮ. ನಡುವಿನ ಅಂತರ 50 ಕೋಟಿ ವರ್ಷ! ಹಳೆಯ ನೈಸ್ ಶಿಲೆಯನ್ನು ಸೀಳಿಕೊಂಡು ಕೆಳಗಿನಿಂದ ಮೇಲೆದ್ದ ಕರಗಿದ ಶಿಲಾಪಾಕ, ನೆಲದಾಳದಲ್ಲೇ ನಿಧಾನವಾಗಿ ತಣ್ಣಗಾಗಿ ನಮ್ಮ ಗ್ರಾನೈಟ್ ಆಯಿತು. ಮೇಲಿನ ಹೊದಿಕೆ ಯುಗಯುಗಗಳಲ್ಲಿ ಸವೆದು ಹೋಗಿ ಇಂದು ಬೆಟ್ಟವಾಗಿ ನಿಂತಿದೆ.

ಎರಡನ್ನೂ ಕಣ್ಣಿನಲ್ಲೇ ಗುರುತಿಸಬಹುದು. ಲಾಲ್‌ಬಾಗಿನ ಬಂಡೆಯಲ್ಲಿ ಬೂದು, ಬಿಳಿ ಪಟ್ಟೆಗಳು ಅಲೆಯಲೆಯಾಗಿ ಹರಿದಿರುತ್ತವೆ. ನಮ್ಮ ಕಡೆಯ ಬಂಡೆಯಲ್ಲಿ ಪಟ್ಟೆಗಿಂತ ಹರಳು ಎದ್ದು ಕಾಣುತ್ತದೆ. ಹೆಬ್ಬೆರಳ ಉಗುರಿನಷ್ಟು, ಕೆಲವೆಡೆ ಇನ್ನೂ ದೊಡ್ಡ, ತಿಳಿಗೆಂಪು ಹರಳುಗಳು. ಅದು ಪೊಟ್ಯಾಶಿಯಂ ತುಂಬಿದ ಫೆಲ್ಡ್‌ಸ್ಪಾರ್. ಹರಳು ಅಷ್ಟು ದಪ್ಪ ಬೆಳೆದದ್ದೇ ಶಿಲಾಪಾಕ ಅವಸರವಿಲ್ಲದೆ ತಣಿಯಿತು ಎಂಬುದಕ್ಕೆ ಸಾಕ್ಷಿ. ರಾಗಿ, ಹುಣಸೆ ಒಣಹಾಕುವ ಹಾಸುಬಂಡೆಯ ಮೇಲೆ ಒಮ್ಮೆ ಅಂಗೈ ಆಡಿಸಿ ನೋಡಿ, ತಿಳಿಯುತ್ತದೆ.

ಈ ಶಿಲೆಗೆ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿರುವ ಹೆಸರು 'ಕ್ಲೋಸ್‌ಪೇಟ್ ಗ್ರಾನೈಟ್'. ಕ್ಲೋಸ್‌ಪೇಟ್ ಅಂದರೆ ರಾಮನಗರವೇ! ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಊರು, 1799ರ ನಂತರ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಹೊತ್ತಿತು. ಸ್ವಾತಂತ್ರ್ಯ ಬಂದ ಮೇಲೆ ರಾಮನಗರವಾಯಿತು. ಊರಿನವರು ಮರೆತ ಹೆಸರು ಕಲ್ಲಿನಲ್ಲಿ ಉಳಿದುಕೊಂಡಿದೆ. ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಚಾಚಿರುವ ಈ ಕಲ್ಲಿನ ಪಟ್ಟಿ ಕರ್ನಾಟಕದ ಬೆನ್ನೆಲುಬಿನಂತಿದೆ.

ನಮ್ಮ ಬೆಟ್ಟಗಳ ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟವರು ಯಾರು? ಭೀಮ ಎನ್ನುವವರಿದ್ದಾರೆ, ದೇವರು ಎನ್ನುವವರಿದ್ದಾರೆ. ಪೇರಿಸಿದವರು ಯಾರೂ ಇಲ್ಲ. ಒಂದೇ ಬಂಡೆಯಲ್ಲಿ ಅಡ್ಡ, ಉದ್ದ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು ಚೌಕದ ತುಂಡು ಉಂಡೆಯಾಗುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಬಂಡೆ ಪದರಪದರವಾಗಿ ಸುಲಿದುಕೊಳ್ಳುವುದನ್ನೂ ಈ ಬೆಟ್ಟಗಳಲ್ಲಿ ಎಲ್ಲೆಂದರಲ್ಲಿ ಕಾಣಬಹುದು.

ಲಾಲ್‌ಬಾಗ್ ಬಂಡೆಯ ನೆತ್ತಿಯ ಮೇಲಿನ ಗೋಪುರ ಕೆಂಪೇಗೌಡರ ಮನೆತನದ್ದು. ಇಂಥ ನಾಲ್ಕು ಗೋಪುರಗಳು ಪ್ರಸಿದ್ಧ. ಉಳಿದವು ಮೇಖ್ರಿ ವೃತ್ತದ ಬಳಿ, ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಇವೆ. 1537ರಲ್ಲಿ ಬೆಂಗಳೂರು ಕಟ್ಟಿದ ಈ ಮನೆತನ 1638ರಲ್ಲಿ ಬಿಜಾಪುರದ ಸೇನೆಗೆ ಊರು ಬಿಟ್ಟುಕೊಟ್ಟು ಮಾಗಡಿಗೆ ಬಂದು ನೆಲೆಸಿತು. ನಾಡಪ್ರಭು ಕೆಂಪೇಗೌಡರ ಸಮಾಧಿ ಪತ್ತೆಯಾದದ್ದೂ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ, 2015ರಲ್ಲಿ.

ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಹಾಕಿದವನು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್, ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ವರ್ಷಕ್ಕೆರಡು ಸಲ ಇಲ್ಲಿ ಫಲಪುಷ್ಪ ಪ್ರದರ್ಶನ. ತೋಟವನ್ನೇ ನೋಡಬೇಕೆಂಬ ಆಸೆ ಇದ್ದರೆ ಆ ದಿನಗಳನ್ನು ಬಿಟ್ಟು ಹೋಗಿ ಎಂಬುದು ನನ್ನ ಸಲಹೆ. ಅಂದು ಹೂವಿಗಿಂತ ಜನರ ಬೆನ್ನೇ ಹೆಚ್ಚು ಕಾಣುತ್ತದೆ.

ಸೀಮೆಬದನೆಕಾಯಿ ನಮ್ಮ ಸಾಂಬಾರಿಗೆ ಬಂದದ್ದು ಲಾಲ್‌ಬಾಗಿನ ದಾರಿಯಿಂದ. ಮೂಲತಃ ಮೆಕ್ಸಿಕೊ ಕಡೆಯ ಈ ಬಳ್ಳಿ ಇಲ್ಲಿ ಎಷ್ಟು ಒಗ್ಗಿತೆಂದರೆ ತಮಿಳರೂ ತೆಲುಗರೂ ಇದನ್ನು 'ಬೆಂಗಳೂರು ಬದನೆ' ಎಂದೇ ಕರೆಯುತ್ತಾರೆ.

ತೋಟದಲ್ಲಿ ಕಲ್ಲಾಗಿರುವ ಮರವೊಂದಿದೆ. ತಮಿಳುನಾಡಿನ ತಿರುವಕ್ಕರೈನಿಂದ ತಂದ, ಸುಮಾರು 2 ಕೋಟಿ ವರ್ಷ ಹಳೆಯ ಕಾಂಡ. ಮುಟ್ಟಿದರೆ ಕಲ್ಲು, ನೋಡಿದರೆ ಮರ.

ಎಂ. ಎಚ್. ಮರಿಗೌಡರ ಹೆಸರು ಕೇಳಿದ್ದೀರಾ? ತಿ. ನರಸೀಪುರ ತಾಲ್ಲೂಕಿನ ಮಾರೇಗೌಡನಹಳ್ಳಿಯ ರೈತ ಮನೆತನದ ಮಗ, ರಾಜ್ಯದ ತೋಟಗಾರಿಕೆಯ ಪಿತಾಮಹ. ಲಾಲ್‌ಬಾಗ್ ಇಂದಿನ 240 ಎಕರೆಗೆ ಬೆಳೆದದ್ದು ಅವರ ಕಾಲದಲ್ಲಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದನ್ನು ಕಟ್ಟಿಸಿದರು. ನಾವಿಂದು ಹಣ್ಣು, ತರಕಾರಿ ಕೊಳ್ಳುವ ಹಾಪ್‌ಕಾಮ್ಸ್ ಅದೇ. ಬೇಸಿಗೆಯಲ್ಲಿ ಲಾಲ್‌ಬಾಗಿನ ಮಾವು ಮೇಳಕ್ಕೆ ಹೋದರೆ ನಮ್ಮ ರಾಮನಗರ ಸೀಮೆಯ ಬೆಳೆಗಾರರು ಬಾದಾಮಿ, ರಸಪುರಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಅವರಲ್ಲೇ ಕೊಳ್ಳಿ, ಊರಿನ ಸುದ್ದಿಯೂ ಸಿಗುತ್ತದೆ.

ಇನ್ನು ಕಬ್ಬನ್ ಪಾರ್ಕ್. 1870ರಲ್ಲಿ ಇದನ್ನು ರೂಪಿಸಿದವನು ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಿಂದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಹೆಸರಿಟ್ಟು ಹೆಚ್ಚುಕಡಿಮೆ ನೂರು ವರ್ಷವಾದರೂ ಆಟೋದವರನ್ನು ಆ ಹೆಸರಿನಲ್ಲಿ ಕೇಳಿದರೆ ದಾರಿ ಗೊತ್ತಾಗುವುದು ಕಷ್ಟ.

ಪಾರ್ಕಿನ ಅಂಚಿನ ಕೆಂಪು ಕಟ್ಟಡ ಅಠಾರ ಕಚೇರಿ. 18 ಇಲಾಖೆಗಳಿಗಾಗಿ ಕಟ್ಟಿದ್ದರಿಂದ ಆ ಹೆಸರು. 1868ರಲ್ಲಿ ಮುಗಿದ ಈ ಕಟ್ಟಡದಲ್ಲಿ ಈಗ ಹೈಕೋರ್ಟ್ ಇದೆ.

ಅದರ ಎದುರಿಗೆ ವಿಧಾನಸೌಧ. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು, ಹುಟ್ಟಿದ್ದು 1908ರಲ್ಲಿ. ಸೌಧದ ಅಲಂಕಾರಕ್ಕೆ ತುರುವೇಕೆರೆಯ ಕಪ್ಪು ಕಲ್ಲಿನ ಜೊತೆಗೆ ಬಳಸಿದ್ದು ಮಾಗಡಿಯ ಗುಲಾಬಿ ಕಲ್ಲು. ಕಟ್ಟಿಸಿದವರೂ ನಮ್ಮವರು, ಕಲ್ಲೂ ನಮ್ಮದು. ಪಾರ್ಕಿನಲ್ಲಿ ಬುತ್ತಿ ಬಿಚ್ಚುವ ಮೊದಲು ಮಕ್ಕಳಿಗೆ ಇದನ್ನು ಕೈ ತೋರಿಸಿ ಹೇಳಿ. ಕೆಂಗಲ್ ಎಂಬ ಹೆಸರಿನಲ್ಲೂ ಕಲ್ಲೇ ಇದೆ, ಕೆಂಪು ಕಲ್ಲು. ಕೂಟಗಲ್ ಎಂಬ ಹೆಸರಿನ ಕೊನೆಯಲ್ಲಿರುವುದೂ ಕಲ್ಲೇ.

ಹೋಗುವ ದಾರಿ ಸುಲಭ. ರೈಲಿನಲ್ಲಾದರೆ ಬೆಂಗಳೂರು ಸಿಟಿ ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್ ಮೆಟ್ರೊ ಹಿಡಿಯಿರಿ. ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣ, ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ ಇವೆ. ಬಸ್ಸಿನವರು ಕೆಂಗೇರಿಯಲ್ಲೇ ನೇರಳೆ ಮಾರ್ಗ ಹಿಡಿದರೆ ಮೈಸೂರು ರಸ್ತೆಯ ದಟ್ಟಣೆ ತಪ್ಪುತ್ತದೆ.

ಈಗ ಊರಿಗೆ ಮರಳೋಣ. 1975 ನಮಗೆ ಎರಡು ಕಾರಣಕ್ಕೆ ನೆನಪಿರಬೇಕಾದ ವರ್ಷ. ಆ ಆಗಸ್ಟ್ 15ರಂದು 'ಶೋಲೆ' ಸಿನಿಮಾ ಬಿಡುಗಡೆಯಾಗಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳನ್ನು ದೇಶವೆಲ್ಲ ಕಂಡಿತು. ಅದೇ ವರ್ಷ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದು ಕಬ್ಬನ್ ಪಾರ್ಕ್, ಲಾಲ್‌ಬಾಗುಗಳಿಗೆ ಕಾನೂನಿನ ಬೇಲಿ ಹಾಕಿತು. ನಗರ ಅಷ್ಟು ಬೆಳೆದರೂ ಆ ಎರಡು ತೋಟ ಉಳಿದದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು.

ರಾಮದೇವರ ಬೆಟ್ಟಕ್ಕೆ ರಕ್ಷಣೆ ಕೊಟ್ಟದ್ದು ಸಿನಿಮಾ ಅಲ್ಲ, ಹಕ್ಕಿ. 2012ರಲ್ಲಿ ಸರ್ಕಾರ ಅಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಕಡಿದಾದ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ, ದೇಶದಾದ್ಯಂತ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಂತು. ಅಷ್ಟರಲ್ಲಿ ಬಹಳ ತಡವಾಗಿತ್ತು. ನಮ್ಮ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಾಗಡಿಯ ಸಾವನದುರ್ಗವೂ ಇದೇ ಕ್ಲೋಸ್‌ಪೇಟ್ ಗ್ರಾನೈಟಿನದು, ಎತ್ತರ 1,226 ಮೀಟರ್. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಅದನ್ನು ಎಣಿಸುತ್ತಾರೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಹಿಡಿಯಿತು.

ಮೈಸೂರು ಹೆದ್ದಾರಿಯ ಬದಿಯಲ್ಲೇ, ಸುಮಾರು 15 ಎಕರೆಯಲ್ಲಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒನಕೆ, ಮೊರ, ನೇಗಿಲು, ತೊಗಲುಗೊಂಬೆ ಎಲ್ಲವೂ ಅಲ್ಲಿವೆ. ಮರದ ನೆರಳಲ್ಲಿ ಕೂತು ಉಣ್ಣಲು ಬೆಂಗಳೂರಿನವರು ಇಲ್ಲಿಗೆ ಬರುತ್ತಾರೆ, ನಾವು ಅದನ್ನು ದಾಟಿಕೊಂಡು ಬೆಂಗಳೂರಿಗೆ ಹೋಗುತ್ತೇವೆ.

ಕೂಟಗಲ್ಲಿನ ತಿಮ್ಮಪ್ಪಸ್ವಾಮಿ ಬೆಟ್ಟ ಹತ್ತಿದವರಿಗೆ ಹೇಳಬೇಕಾಗಿಲ್ಲ: ಬೀಸುವ ಗಾಳಿ, ಸುತ್ತ ಕಣ್ಣು ಹಾಯುವಷ್ಟು ದೂರ ಬಂಡೆ, ನಡುವೆ ಮಾವಿನ ತೋಪು, ತೆಂಗು, ರಾಗಿ ಹೊಲ. ನಗರದವರು ನೂರಾರು ಎಕರೆಗೆ ಬೇಲಿ ಹಾಕಿ, ಕಾಯ್ದೆ ಮಾಡಿ ಕಾಪಾಡಿಕೊಂಡಿರುವ ವಿಹಾರ ನಮ್ಮ ಮನೆಯ ಹಿತ್ತಿಲಿನಷ್ಟು ಹತ್ತಿರದಲ್ಲಿದೆ. ಜಿಲ್ಲೆಯ ಎಷ್ಟೋ ಬಂಡೆಗಳು ಕಲ್ಲುಕ್ವಾರಿಯಾಗಿ ಜಲ್ಲಿಯಾದದ್ದನ್ನು ನಾವೇ ಕಂಡಿದ್ದೇವೆ. ಕಡಿದ ಮರದ ಜಾಗದಲ್ಲಿ ಇನ್ನೊಂದು ಸಸಿ ನೆಡಬಹುದು, ಒಡೆದ ಬಂಡೆಯನ್ನು ನೆಡಲಾಗದು.

ಹಾಗಾಗಿ ಒಂದು ಕೋರಿಕೆ. ಈ ರಜೆಯಲ್ಲಿ ಲಾಲ್‌ಬಾಗಿಗೆ ಖಂಡಿತ ಹೋಗಿಬನ್ನಿ. ಅಲ್ಲಿನ ಬಂಡೆಯ ಮುಂದಿನ ಫಲಕವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಮರುವಾರ ಅದೇ ಮಕ್ಕಳನ್ನು ತಿಮ್ಮಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ತಿಳಿಗೆಂಪು ಹರಳನ್ನು ಮುಟ್ಟಿಸಿ, ಅದರ ವಯಸ್ಸು ಹೇಳಿ. ಬಂಡೆಯ ಮೇಲೆ ಹೆಸರು ಗೀಚಲು ಬಿಡಬೇಡಿ. ಕೊಂಡೊಯ್ದ ಪ್ಲಾಸ್ಟಿಕ್ಕನ್ನೆಲ್ಲ ಕೆಳಗೆ ತನ್ನಿ.