ನಿಮಗಿದು ಗೊತ್ತೆ? ಆಂಡರ್ಸನ್ ಕೋವಿಯ ಗುರುತು

ಹೈದರಾಬಾದಿನ ಹಿಮಾಯತ್‌ನಗರದಿಂದ ಉತ್ತರಕ್ಕೆ ಹೊರಟು ಸಿಕಂದರಾಬಾದ್ ದಾಟಿದರೆ ಬೊಲಾರಂ. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆಲ್ಲ ಪರಿಚಿತನಾದ ಬೇಟೆಗಾರ ಕೆನೆತ್ ಆಂಡರ್ಸನ್ 1910ರಲ್ಲಿ ಹುಟ್ಟಿದ್ದು ಅಲ್ಲೇ. ನಮ್ಮ ಕಾಡುಗಳಲ್ಲಿ ಆತನ ಹೆಗಲೇರಿದ್ದು .405 ವಿಂಚೆಸ್ಟರ್, ಅಂದರೆ 1895ರ ಮಾದರಿ. ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿಯನ್ನು ದೂರದಿಂದಲೇ ಗುರುತಿಸಬಹುದು. ವಿಂಚೆಸ್ಟರ್‌ನ ಹಿಂದಿನ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತಿದ್ದವು. ಇದರಲ್ಲಿ ಟ್ರಿಗರ್‌ನ ಮುಂದೆ ಪೆಟ್ಟಿಗೆಯಂಥ ಮ್ಯಾಗಜೀನ್ ಇದೆ. ಚೂಪು ಮೂತಿಯ ಗುಂಡು ಮುಂದಿನ ತೋಟಾದ ಬೆನ್ನು ಚುಚ್ಚಿ ಸಿಡಿಯುವ ಭಯ ಇದರಿಂದ ತಪ್ಪಿತು. .405 ತೋಟಾ ಬಂದದ್ದು 1904ರಲ್ಲಿ. 1909ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದದ್ದೂ ಇದನ್ನೇ.

ಅಸಲಿಯೋ ಎಂದು ತಿಳಿಯಲು ನಳಿಗೆಯ ಮೇಲಿನ ಮುದ್ರೆ, ಕ್ರಮಸಂಖ್ಯೆ ನೋಡಬೇಕು. ಅಮೆರಿಕದ ಕೋಡಿ ವಸ್ತುಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ಅಕ್ಷರಗಳ ಅಂಚು ಸವೆದು, ಲೋಹ ಮಾತ್ರ ಥಳಥಳಿಸಿದರೆ ಮರುಪಾಲಿಶ್ ಆಗಿದೆ ಎಂದೇ ಅನುಮಾನಿಸಿ. ಅಜ್ಜನ ಕಾಲದ ಕೋವಿ ಮನೆಯಲ್ಲಿದ್ದರೆ ಉಜ್ಜಲು ಹೋಗಬೇಡಿ. ಗುಂಡು ಹಾರಿಸಬಲ್ಲ ಸ್ಥಿತಿಯಲ್ಲಿದ್ದರೆ, ಎಷ್ಟೇ ಹಳೆಯದಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದಕ್ಕೆ ಪರವಾನಗಿ ಬೇಕು.