ಕಾಲಿಗೆ ಬೆಳಕಿನ ಗೆಜ್ಜೆ

ಶಿವರಾತ್ರಿ ಹತ್ತಿರ ಬಂದಂತೆ ಧರ್ಮಸ್ಥಳದ ಹಾದಿಯಲ್ಲಿ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ಬಿಸಿಲಿನ ಬೇಗೆ ತಪ್ಪಿಸಿಕೊಳ್ಳಲು ಎಷ್ಟೋ ಮಂದಿ ಬೆಳಗಿನ ಜಾವವೇ ಎದ್ದು ಹೊರಡುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಂದ ಬರುವ ಬಸ್ಸಿನ ದೀಪ ಕಣ್ಣು ಕುಕ್ಕುತ್ತದೆ. ಇಷ್ಟು ಬೆಳಕು ಮೈಮೇಲೆ ಬೀಳುತ್ತಿರುವಾಗ ಡ್ರೈವರ್‌ಗೆ ತಾವು ಕಾಣದೆ ಇರುತ್ತೇವೆಯೇ ಎಂಬ ಧೈರ್ಯ ನಡೆಯುವವರಿಗೆ.

ಆ ಧೈರ್ಯವೇ ಅಪಾಯ. ನಡೆಯುವವರ ಕಣ್ಣಿಗೆ ದೀಪದ ಬೆಳಕು ನೇರವಾಗಿ ಬರುತ್ತದೆ. ಡ್ರೈವರ್‌ನ ಕಣ್ಣಿಗೆ ತಲುಪುವುದು ಮಾತ್ರ ಬಟ್ಟೆಗೆ ಬಡಿದು ನಾಲ್ಕೂ ಕಡೆ ಚದುರಿದ ಬೆಳಕಿನ ಒಂದು ಚೂರು. ಕಪ್ಪು ಬಟ್ಟೆಯಾದರೆ ಅದೂ ತೀರಾ ಕಡಿಮೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಕಂಡದ್ದು ಮನುಷ್ಯ ಎಂದು ತಿಳಿದು ಬ್ರೇಕ್ ಒತ್ತಲು ಎರಡು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲೂ ವಾಹನ ಪೂರ್ತಿ ನಿಲ್ಲಲು 50 ಮೀಟರ್‌ಗೂ ಹೆಚ್ಚು ಜಾಗ ಬೇಕು. ಡಿಮ್ ಲೈಟಿನಲ್ಲಿ ಕಪ್ಪು ಉಡುಪಿನ ವ್ಯಕ್ತಿ ಎಷ್ಟೋ ಸಲ ಅದಕ್ಕಿಂತ ಹತ್ತಿರ ಬಂದ ಮೇಲೆಯೇ ಕಾಣುವುದು.

ಹಾಗಾದರೆ ಏನು ತೊಡಬೇಕು? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ವಾಹನಗಳಿಲ್ಲದ ರಸ್ತೆಯಲ್ಲಿ ರಾತ್ರಿ ಸೈಕಲ್ ಸವಾರರೊಂದಿಗೆ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪು ಬಟ್ಟೆಯ ಸೈಕಲ್ ಸವಾರನನ್ನು ಚಾಲಕರು ಗುರುತಿಸಿದ್ದು ಶೇ 2ರಷ್ಟು ಸಲ ಮಾತ್ರ. ಫ್ಲೋರೊಸೆಂಟ್ ಜಾಕೆಟ್ ತೊಟ್ಟಾಗ ಶೇ 15. ಬೆಳಕನ್ನು ಹಿಂದಿರುಗಿಸುವ ರಿಫ್ಲೆಕ್ಟರ್ ಜಾಕೆಟ್ ತೊಟ್ಟಾಗ ಶೇ 50. ಆ ಜಾಕೆಟ್ಟಿನ ಜೊತೆ ಮೊಣಕಾಲು ಮತ್ತು ಕಾಲಿನ ಗಿಣ್ಣುಗಳಿಗೂ ರಿಫ್ಲೆಕ್ಟರ್ ಪಟ್ಟಿ ಕಟ್ಟಿದಾಗ ಶೇ 90!

ಹಗಲಿನಲ್ಲಿ ಕಣ್ಣಿಗೆ ಹೊಡೆಯುವ ಫ್ಲೋರೊಸೆಂಟ್ ಬಣ್ಣ ರಾತ್ರಿ ಸೋಲುವುದಕ್ಕೆ ಕಾರಣವಿದೆ. ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಬದಲಿಸಿ ಹೊಳೆಯುತ್ತದೆ. ವಾಹನದ ದೀಪದಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ.

ಕಾಲಿನ ಪಟ್ಟಿಗಳು ಗೆಲ್ಲುವುದರ ಗುಟ್ಟು ಬಿಚ್ಚಿಟ್ಟದ್ದು ಸ್ವೀಡನ್ನಿನ ಉಪ್ಸಾಲದ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್. ಅವರು 1973ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ವ್ಯಕ್ತಿಯೊಬ್ಬನ ಕೀಲುಗಳ ಮೇಲೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳಿದ್ದವು, ಉಳಿದದ್ದೆಲ್ಲ ಕತ್ತಲು. ಆತ ನಿಂತಿದ್ದಾಗ ನೋಡುಗರಿಗೆ ಕಂಡದ್ದು ಅರ್ಥವಿಲ್ಲದ ಚುಕ್ಕೆಗಳು. ಒಂದು ಹೆಜ್ಜೆ ಇಟ್ಟದ್ದೇ ತಡ, ‘ಮನುಷ್ಯ ನಡೆಯುತ್ತಿದ್ದಾನೆ’ ಎಂದು ಎಲ್ಲರಿಗೂ ತಿಳಿಯಿತು. ಎದೆಯ ಮೇಲಿನ ಪಟ್ಟಿ ಹೆಚ್ಚು ಅಲುಗಾಡುವುದಿಲ್ಲ, ದೂರದಿಂದ ಅದು ಮೈಲಿಗಲ್ಲೋ ಫಲಕವೋ ಆಗಿರಬಹುದು. ಹೆಜ್ಜೆ ಹಾಕುವ, ಪೆಡಲ್ ತುಳಿಯುವ ಕಾಲಿಗೆ ಬೇರೆ ಯಾವುದಕ್ಕೂ ಇಲ್ಲದ ಲಯವಿದೆ. ಡಿಮ್ ಲೈಟ್ ನೆಲದತ್ತ ಬಾಗಿರುವುದರಿಂದ ಹೆಚ್ಚು ಬೆಳಕು ಬೀಳುವುದೂ ಕಾಲಿನ ಮೇಲೆಯೇ.

ಅಂಗಡಿಯಲ್ಲಿ ‘ರೇಡಿಯಂ’ ಎಂದು ಕೇಳಿದರೆ ಕೊಡುವ ಹೊಳೆಯುವ ಟೇಪಿಗೂ ರೇಡಿಯಂ ಧಾತುವಿಗೂ ಸಂಬಂಧವಿಲ್ಲ. ಅದರಲ್ಲಿರುವುದು ಪುಟ್ಟ ಗಾಜಿನ ಮಣಿಗಳು ಇಲ್ಲವೇ ಅತಿ ಸಣ್ಣ ಪ್ರಿಸಂಗಳು. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಒಳಗೆ ಸಾಲು ಸಾಲು ಮೂಲೆಗಳು ಕಾಣುತ್ತವೆ. ಪ್ರತಿ ಮೂಲೆಯಲ್ಲೂ ಮೂರು ಮುಖಗಳು ಒಂದಕ್ಕೊಂದು ಲಂಬವಾಗಿ ಕೂಡಿವೆ. ಒಳಹೊಕ್ಕ ಬೆಳಕು ಮೂರು ಸಲ ಪುಟಿದು ಬಂದ ದಿಕ್ಕಿಗೇ ಮರಳುತ್ತದೆ. 1969ರಲ್ಲಿ ಅಪೊಲೊ 11ರ ಯಾನಿಗಳು ಚಂದ್ರನ ಮೇಲೆ ಇಟ್ಟುಬಂದ ಲೇಸರ್ ಪ್ರತಿಫಲಕದ ತತ್ತ್ವವೂ ಇದೇ. ಮನೆಯಲ್ಲೇ ಪರೀಕ್ಷಿಸಬಹುದು: ಕತ್ತಲೆಯಲ್ಲಿ ಹತ್ತು ಹೆಜ್ಜೆ ದೂರ ನಿಂತು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕವೇ ಹಿಡಿದರೆ ಬಿಲ್ಲೆ ಕೆಂಡದಂತೆ ಹೊಳೆಯುತ್ತದೆ. ಟಾರ್ಚ್ ಹಿಡಿದ ಕೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿದರೆ ಮಂಕಾಗುತ್ತದೆ. ಡ್ರೈವರ್‌ನ ಕಣ್ಣು ಹೆಡ್‌ಲೈಟಿನ ಸಮೀಪದಲ್ಲೇ ಇರುವುದರಿಂದ ಆ ಹೊಳಪು ಅವನ ಪಾಲಿಗೆ ಸಿಗುತ್ತದೆ, ತೊಟ್ಟವರಿಗೆ ಗೊತ್ತೇ ಆಗುವುದಿಲ್ಲ.

ಚಳಿಗಾಲದಲ್ಲಿ ದೀರ್ಘ ಕತ್ತಲೆ ಕವಿಯುವ ಫಿನ್‌ಲ್ಯಾಂಡಿನಲ್ಲಿ ಮಕ್ಕಳ ಕೋಟಿನಿಂದ ಹಿಡಿದು ಮುದುಕರ ಕೈಚೀಲದವರೆಗೆ ಪುಟ್ಟ ರಿಫ್ಲೆಕ್ಟರ್ ಬಿಲ್ಲೆ ತೂಗಾಡುತ್ತದೆ. 2003ರಿಂದ 2020ರವರೆಗೆ ಅಲ್ಲಿ ಕತ್ತಲಲ್ಲಿ ನಡೆಯುವವರು ಊರೊಳಗೂ ಅದನ್ನು ಧರಿಸಬೇಕೆಂಬ ನಿಯಮವಿತ್ತು.

ರಿಫ್ಲೆಕ್ಟರಿಗೂ ಮಿತಿಯಿದೆ. ಬೆಳಕು ಬೀಳದಿದ್ದರೆ ಅದು ಹೊಳೆಯದು. ಅಡ್ಡರಸ್ತೆಯಿಂದ ಬರುವ ವಾಹನದ ದೀಪ ಸೈಕಲ್ ಸವಾರನ ಮೇಲೆ ತಡವಾಗಿ ಬೀಳಬಹುದು. ಆದ್ದರಿಂದ ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕೇ ಬೇಕು.

ಈ ಸಲ ಪಾದಯಾತ್ರೆಗೆ ಹೊರಡುವ ತಂಡಗಳು ನೀರು, ಔಷಧಿಯ ಜೊತೆಗೆ ಒಂದು ಸುರುಳಿ ಪ್ರತಿಫಲಕ ಟೇಪನ್ನೂ ಕಟ್ಟಿಕೊಳ್ಳಲಿ. ಹೆಜ್ಜೆ ಹಾಕುವ ಪ್ರತಿಯೊಬ್ಬರ ಎರಡೂ ಕಾಲಿನ ಗಿಣ್ಣಿಗೆ, ಮುಂದಿನಿಂದಲೂ ಹಿಂದಿನಿಂದಲೂ ಕಾಣುವಂತೆ ಅದನ್ನು ಸುತ್ತಲಿ. ಸೈಕಲ್ ಇರುವ ಮನೆಯವರು ಇಂದು ಸಂಜೆಯೇ ಪೆಡಲ್ಲಿನ ಹಳದಿ ಬಿಲ್ಲೆಗಳ ಮೇಲಿನ ಕೆಸರು ಒರೆಸಲಿ.