ಕೋಶವೂ ಬೇಕು, ಜಾಲವೂ ಬೇಕು

ಕಕ್ಕಡದ ಮಳೆ ಹಿಡಿಯಿತೆಂದರೆ ವಿರಾಜಪೇಟೆಯ ಸುತ್ತಮುತ್ತಲ ತೋಟದ ಮನೆಗಳಲ್ಲಿ ಮೊದಲು ಹೋಗುವುದು ಕರೆಂಟು. ಅದರ ಬೆನ್ನಿಗೇ ಮೊಬೈಲ್ ನೆಟ್‌ವರ್ಕ್. ಕೋವಿಡ್ ಕಾಲದಲ್ಲಿ ಪಾಠವೆಲ್ಲ ಮೊಬೈಲಿಗೆ ಬಂದಾಗ ಕೊಡಗಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದುಂಟು. 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಅಲ್ಲಿಂದಲೇ ಪಾಠ ಮಾಡಿದರು. ಶಾಲೆಗಳು ತೆರೆದು ವರ್ಷಗಳಾದವು. ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

‘ಎಲ್ಲವೂ ಇದರಲ್ಲೇ ಸಿಗುತ್ತದಲ್ಲ, ಇನ್ನು ಲೈಬ್ರರಿ ಯಾತಕ್ಕೆ?’ ಎಂದು ಮಕ್ಕಳು ಕೇಳುತ್ತಾರೆ. ಅಪ್ಪ ಅಮ್ಮಂದಿರಿಗೂ ಒಳಗೊಳಗೇ ಹಾಗೆಯೇ ಅನ್ನಿಸುತ್ತದೆ. ಆದರೆ ಗ್ರಂಥಪಾಲಕರ ವಿದ್ಯೆ ಗೊತ್ತಿದ್ದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಎಲ್ಲವೂ ಇರುವ ಕಡೆ ಬೇಕಾದದ್ದನ್ನು ಹುಡುಕುವುದೇ ಅವರ ಕಸುಬು.

ಒಂದು ಊರು, ಹಲವು ಹೆಸರು

ವಿರಾಜಪೇಟೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿಗೆ ಈ ಹೆಸರು ಹೇಗೆ ಬಂತೆಂದು ಪ್ರಬಂಧ ಬರೆಯಬೇಕಾಗಿದೆ ಎನ್ನೋಣ. ಮೊಬೈಲಿನಲ್ಲಿ ಊರಿನ ಹೆಸರು ಒತ್ತಿದರೆ ಹೋಮ್‌ಸ್ಟೇ, ಬಸ್ಸಿನ ವೇಳೆ, ನಾಳೆಯ ಮಳೆ ಎಲ್ಲವೂ ಬರುತ್ತವೆ. ಇತಿಹಾಸ ಬಂದರೂ ಒಬ್ಬರು ಬರೆದದ್ದನ್ನೇ ಹತ್ತು ಮಂದಿ ನಕಲು ಮಾಡಿರುತ್ತಾರೆ.

ಇದೇ ಪ್ರಶ್ನೆಗೆ ಅನುಭವಿ ಗ್ರಂಥಪಾಲಕರು ಇನ್ನೊಂದು ಪ್ರಶ್ನೆ ಹಾಕುತ್ತಾರೆ: ‘ಈ ಊರಿಗೆ ಹಿಂದೆ ಏನೆಂದು ಕರೆಯುತ್ತಿದ್ದರು?’ ವಿರಾಜಪೇಟೆಯ ಪೂರ್ತಿ ಹೆಸರು ವೀರರಾಜೇಂದ್ರಪೇಟೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕೊಡಗು ‘ಕೂರ್ಗ್’, ಮಡಿಕೇರಿ ‘ಮರ್ಕೆರಾ’. ಈ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಿದರೆ ಬಾಗಿಲು ತೆರೆಯುತ್ತದೆ. ರಿಕ್ಟರ್ 1870ರಲ್ಲಿ ಬರೆದ ಕೊಡಗಿನ ಕೈಪಿಡಿ, ಅದೇ ದಶಕದಲ್ಲಿ ಲೂಯಿ ರೈಸ್ ತಂದ ಗೆಜೆಟಿಯರ್ ಇವೆಲ್ಲ ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟಪುಟವಾಗಿ ಉಚಿತವಾಗಿ ಸಿಗುತ್ತವೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ಈ ಪೇಟೆ ಕಟ್ಟಿಸಿದ, ಟಿಪ್ಪುವಿನ ವಿರುದ್ಧದ ಯುದ್ಧಕಾಲದಲ್ಲಿ ತಾನು ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ಕಟ್ಟಿಸಿದ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ.

ಅಲ್ಲಿಗೇ ನಿಲ್ಲುವಂತಿಲ್ಲ. ಗೆಜೆಟಿಯರ್ ಬರೆದವರು ಆಳುತ್ತಿದ್ದವರು. ಅದೇ ಅರಸ ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲೇ ‘ರಾಜೇಂದ್ರನಾಮೆ’ ಎಂದು ಬರೆಯಿಸಿದ. ಅರಸನ ಮಾತು ಒಂದು ಕಡೆ, ಆಂಗ್ಲರ ಮಾತು ಇನ್ನೊಂದು ಕಡೆ. ಎರಡನ್ನೂ ಎದುರುಬದುರು ಇಟ್ಟು ಓದಿದಾಗಲೇ ಪ್ರಬಂಧಕ್ಕೆ ತೂಕ. ಇಷ್ಟನ್ನು ಕಲಿತ ವಿದ್ಯಾರ್ಥಿ ಮುಂದೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯನ್ನೂ ಸುಲಭಕ್ಕೆ ನಂಬಲಾರ.

ಗಣಿತದ ಮೇಷ್ಟ್ರು ಹಾಕಿದ ದಾರಿ

ಹೀಗೆ ಹುಡುಕುವುದಕ್ಕೆ ನಮ್ಮ ದೇಶದಲ್ಲಿ ಶಾಸ್ತ್ರದ ರೂಪ ಕೊಟ್ಟವರು ಎಸ್.ಆರ್. ರಂಗನಾಥನ್. ಗಣಿತ ಪಾಠ ಮಾಡುತ್ತಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು: ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಬೇಕು, ಗ್ರಂಥಾಲಯ ಬೆಳೆಯುವ ಜೀವಿ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ನೆನಪಿಗೆ ಆಗಸ್ಟ್ 12 ಗ್ರಂಥಪಾಲಕರ ದಿನ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ರಂಗನಾಥನ್ ಅದನ್ನು ಕಾಣಲಿಲ್ಲ. ಆದರೂ ಅವರ ಸೂತ್ರಗಳಲ್ಲಿ ‘ಪುಸ್ತಕ’ ಎಂಬಲ್ಲಿ ‘ಮಾಹಿತಿ’ ಎಂದು ಓದಿ ನೋಡಿ, ಒಂದೂ ಹಳತಾಗಿಲ್ಲ. ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸೂಚಿ ಕಾರ್ಡುಗಳಲ್ಲಿ ‘ಕೂರ್ಗ್ — ಕೊಡಗು ನೋಡಿ’ ಎಂಬಂಥ ಒಂದು ಸಾಲು ಬರೆದಿಡುವುದು ಗ್ರಂಥಪಾಲಕರ ಪದ್ಧತಿ. ಜಾಲದಲ್ಲಿ ಹುಡುಕುವವರಿಗೂ ಬೇಕಾದದ್ದು ಆ ಒಂದು ಸಾಲೇ.

ಹಾಡಿನಿಂದ ಪುಸ್ತಕಕ್ಕೆ

ಜಾಲ ತಾನಾಗಿ ತುಂಬುವುದಿಲ್ಲ, ಯಾರೋ ತುಂಬಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಎಂದು 1924ರಲ್ಲಿ ಅಚ್ಚು ಹಾಕಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮಾಡಿದ ಇಂಗ್ಲಿಷ್ ಅನುವಾದ 2003ರಲ್ಲಿ ಬಂತು. ಅದೇ ವರ್ಷ ಕನ್ನಡ ವಿಕಿಪೀಡಿಯ ಶುರುವಾಯಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಸುಮಾರು ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಜಾಲದಲ್ಲಿ ಎಲ್ಲರಿಗೂ ಉಚಿತ. ವಿಕಿಪೀಡಿಯದಲ್ಲಿ ವಿದ್ಯಾರ್ಥಿಗಳೂ ಬರೆಯಬಹುದು; ಆದರೆ ಬರೆದದ್ದಕ್ಕೆ ಆಧಾರ ಕೊಡಬೇಕು. ಆಧಾರ ಬಹಳ ಸಲ ಸಿಗುವುದು ಗ್ರಂಥಾಲಯದ ಕಪಾಟಿನಲ್ಲಿ.

ಪೋಷಕರಿಗೆ ಒಂದು ಮಾತು

ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಅಂದರೆ ಪುಸ್ತಕದ ದುಡ್ಡು ಆಗಲೇ ಸಂದಾಯವಾಗಿದೆ, ಓದುವುದಷ್ಟೇ ಬಾಕಿ. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನೂ ತೆರೆಯಿತು. ಹಳ್ಳಿಗಳ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂದು ಹೆಸರು.

ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡು ‘ಪುಸ್ತಕ ಓದು’ ಎಂದು ಗದರಿದರೆ ಎರಡೂ ಬೇಸರವಾಗುತ್ತವೆ. ಅದರ ಬದಲು ಬಿಡುವಿನ ದಿನ ಮಗುವಿನ ಜೊತೆ ಗ್ರಂಥಾಲಯಕ್ಕೆ ಹೋಗಿ, ಮೊಬೈಲಿನಲ್ಲಿ ಸಿಕ್ಕ ಒಂದು ಸಂಗತಿಯನ್ನು ಪುಸ್ತಕದಲ್ಲಿ ತಾಳೆ ನೋಡಿ. ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು: ಕಲಿಕೆ ಶುರುವಾಗುವುದೇ ಅಲ್ಲಿಂದ. ‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಜಾಲದಲ್ಲಿ ಕೂತಲ್ಲೇ ದೇಶ ಸುತ್ತಿ ಬಂದ ಮಗುವಿಗೆ ಕೋಶದ ದಾರಿಯೂ ಗೊತ್ತಿರಲಿ. ಕಕ್ಕಡದ ಮಳೆಗೆ ನೆಟ್‌ವರ್ಕ್ ಹೋದ ಸಂಜೆ ಕೈಯಲ್ಲಿ ಉಳಿಯುವುದು ಅಲ್ಲಿಂದ ತಂದ ಪುಸ್ತಕವೇ.